ನಲವತ್ತು ಬೀದಿ, ಮೂರು ರುಚಿ

ನಮ್ಮೂರಿನಲ್ಲಿ ಸಂಜೆ ಏಳು ಹೊಡೆಯುವ ತನಕ ಯಾರೂ ಸಾರಿನ ರುಚಿ ನೋಡುವುದಿಲ್ಲ. ನೋಡಿ ಪ್ರಯೋಜನವೂ ಇಲ್ಲ. ಆರು ಗಂಟೆಗೆ ಸಿಹಿಯಾಗಿದ್ದ ಸಾರು ಇಳಿಸುವ ಹೊತ್ತಿಗೆ ಕಣ್ಣಲ್ಲಿ ನೀರು ತರಿಸುವಷ್ಟು ಖಾರವಾಗಿರಬಹುದು. ಪಾತ್ರೆ ಅದೇ, ಸೌಟು ಅದೇ, ಅಡುಗೆ ಮಾಡಿದವರೂ ಅವರೇ. ಫೋನಿನ ಆಟದಲ್ಲಿ ಬೀದಿ ಯಾರ ಪಾಲಾಯಿತೋ ಅವರ ರುಚಿಯೇ ಆ ಬೀದಿಯಲ್ಲಿ ಬಾಯಿಗಿಟ್ಟ ಪ್ರತಿಯೊಂದಕ್ಕೂ. ಅನ್ನವಾಗಲಿ, ಬಾಳೆಹಣ್ಣಾಗಲಿ, ಜ್ವರದ ಮಾತ್ರೆಯಾಗಲಿ. ಹೊಸದಾಗಿ ಬಂದ ನೆಂಟರು "ಅದು ಹೇಗ್ರೀ?" ಎಂದು ಕಣ್ಣರಳಿಸುತ್ತಾರೆ. ಹೇಗೆ ಎಂದರೆ ಹಾಗೆ. ನಾಲ್ಕು ದಿನ ಉಳಿದರೆ ಅವರೂ ಐದೂಮುಕ್ಕಾಲಿಗೆ ಚಪ್ಪಲಿ ಹುಡುಕತೊಡಗುತ್ತಾರೆ.

ಆ ಆಟದ ಕಟ್ಟಳೆಗಳನ್ನೆಲ್ಲ ಬರೆದವಳು ನಾನು, ಧಾರಿಣಿ. ಜಂಬ ಎಂದುಕೊಳ್ಳುವವರು ಎಂದುಕೊಳ್ಳಲಿ, ಇದ್ದದ್ದನ್ನು ಹೇಳಲೇಬೇಕಲ್ಲ. ಹಿಟ್ಟಿನ ಗಿರಣಿಯ ಮಹಡಿಯಲ್ಲಿ ನನ್ನ ಕೋಣೆ. ಕೆಳಗೆ ರಾಗಿ ಬೀಸುವ ನಾಗಭೂಷಣರೇ ಮೇಲಿನ ಆಟಕ್ಕೂ ಮಾಲೀಕರು. ನನ್ನ ಕಂಪ್ಯೂಟರಿನ ಕೀಲಿಗಳ ಮೇಲೆ ದಿನಾ ಒಂದು ಪದರ ಹಿಟ್ಟು ಕೂತಿರುತ್ತದೆ, ಅದನ್ನು ಊದಿದ ಮೇಲೆಯೇ ಕೆಲಸ. ಪರದೆಯ ಮೇಲೆ ಊರಿನ ನಲವತ್ತು ಬೀದಿಗಳ ನಕ್ಷೆ. ಬೆಲ್ಲದ ಪಕ್ಷಕ್ಕೆ ಕಂದು ಬಣ್ಣ, ಖಾರದವರಿಗೆ ಕೆಂಪು, ಹುಳಿಯವರಿಗೆ ಹಸಿರು. ಆಡುವವರೆಲ್ಲ ಒಂದೊಂದು ಚುಕ್ಕಿ. ಆರು ಗಂಟೆಗೆ ಆ ಚುಕ್ಕಿಗಳು ಮನೆಯಿಂದ ಬೀದಿಗಿಳಿದು ಗಿಜಿಗುಡುವುದನ್ನು ನೋಡುವಾಗ ನನಗಾಗುವ ಖುಷಿಯನ್ನು ಯಾರಿಗೆ ಹೇಳಲಿ!

ಕಟ್ಟಳೆಗಳು ಕೇಳುವುದಕ್ಕೆ ಸುಲಭ, ಕಟ್ಟುವಾಗ ಮಾತ್ರ ತಲೆ ಕೆಟ್ಟು ಕೆರ ಹಿಡಿದಿತ್ತು. ಆರರಿಂದ ಏಳರವರೆಗೆ ಆಟ. ಫೋನು ಕೈಯಲ್ಲಿ ಹಿಡಿದು ಬೀದಿಗಿಳಿದವರಷ್ಟೇ ಲೆಕ್ಕ. ಒಂದು ಬೀದಿಯಲ್ಲಿ ಯಾವ ಪಕ್ಷದವರು ಹೆಚ್ಚಿದ್ದು ಹತ್ತು ನಿಮಿಷ ಜಗ್ಗದೆ ನಿಲ್ಲುತ್ತಾರೋ ಬೀದಿ ಅವರದು. ಮೊದಲು ಇಡೀ ದಿನ ಆಡಲು ಬಿಟ್ಟಿದ್ದೆ. ಆಗ ಕಟಿಂಗ್ ಶಾಪಿನವನು ಗಿರಾಕಿಯ ಅರ್ಧ ಗಡ್ಡ ಬಿಟ್ಟು ಬೀದಿ ಕಾಯಲು ಓಡುತ್ತಿದ್ದ, ಅರ್ಧ ಗಡ್ಡದವನು ಅವನ ಹಿಂದೆಯೇ ಓಡುತ್ತಿದ್ದ. ಹಾಗಾಗಿ ಒಂದು ಗಂಟೆಗೆ ಇಳಿಸಿದೆ. ಆಮೇಲೆ ಜನ ಊರಿನ ಮೂಲೆ ಮೂಲೆಯಲ್ಲಿ ಚೂರುಪಾರು ಬೀದಿ ಹಿಡಿದು ನಕ್ಷೆಯನ್ನು ಕೌದಿ ಮಾಡಿಟ್ಟರು. ಅದಕ್ಕೊಂದು ಉಪಾಯ ಹುಡುಕಿದೆ. ಪಕ್ಷದ ನಾಯಕರು ವಾಸವಿರುವ ಬೀದಿಗೆ 'ಒಲೆ' ಎಂದು ಹೆಸರಿಟ್ಟೆ. ಒಲೆಗೆ ತಾಗಿಕೊಂಡು ಹಬ್ಬಿದ ಬೀದಿಗಳೆಲ್ಲ 'ಬಿಸಿ'. ಬಿಸಿ ಬೀದಿಗಳುಳ್ಳ ಪಕ್ಷದವರು ಎಲ್ಲಿ ನಿಂತರೂ ಒಬ್ಬರು ಇಬ್ಬರ ಲೆಕ್ಕ. ಒಲೆ ಬೇರೆಯವರ ಕೈಗೆ ಹೋದರೆ ಎಲ್ಲ ಬೀದಿಗಳೂ ಒಟ್ಟಿಗೇ ತಣ್ಣಗೆ. ಬರೆದ ದಿನ ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

ಇನ್ನೊಂದು ಕಟ್ಟಳೆಯಿತ್ತು. ಕೊನೆಯ ಬೀದಿಯನ್ನೂ ಕಳೆದುಕೊಂಡ ಪಕ್ಷ ಆಟದಿಂದ ಹೊರಗೆ, ಮತ್ತೆ ಬರುವಂತಿಲ್ಲ. ಸೋಲಿಗೆ ಭಯವಿರಲಿ ಎಂದು ಸುಮ್ಮನೆ ಬರೆದ ಒಂದು ಸಾಲು ಅದು. ಮೊದಲ ವರ್ಷ ನಾಲ್ಕು ಪಕ್ಷಗಳಿದ್ದವು, ನಾಲ್ಕನೆಯದು ಕಹಿ. ಕಹಿಯವರು ಮೂರೇ ತಿಂಗಳಲ್ಲಿ ಸೋತು ಹೋದರು. ಅವತ್ತಿನಿಂದ ಈ ಊರಿನ ಯಾರ ನಾಲಿಗೆಗೂ ಕಹಿ ತಿಳಿಯುವುದಿಲ್ಲ, ಊರು ಬಿಟ್ಟು ಹೋಗಿ ತಿಂದರೂ ತಿಳಿಯುವುದಿಲ್ಲ. ಹಾಗಲಕಾಯನ್ನು ಸೌತೆಕಾಯಿಯಂತೆ ಕಚ್ಚುತ್ತೇವೆ. ಯುಗಾದಿಗೆ ಬೇವು ಬೆಲ್ಲ ಹಂಚುತ್ತೇವೆ, ಬೇವು ಬರೀ ಸೊಪ್ಪು. ಮಕ್ಕಳು ಕಷಾಯವನ್ನು ಗಟಗಟ ಕುಡಿದು ಲೋಟ ಮುಂದೆ ಹಿಡಿಯುತ್ತವೆ. ಯಾರೂ ಬೇಸರ ಪಡಲಿಲ್ಲ, ಕಾಫಿ ಪುಡಿ ಮಾರುವವರೊಬ್ಬರನ್ನು ಬಿಟ್ಟು. ನಾನೂ ಪಡಲಿಲ್ಲ. ಕಹಿ ತಾನೇ, ಹೋದರೆ ಹೋಗಲಿ ಎಂದಿದ್ದೆ.

ಆದರೆ ನನ್ನ ಆಟಕ್ಕೆ ಒಂದು ರೋಗವಿತ್ತು. ಬೆಳೆದ ಪಕ್ಷ ಬೆಳೆಯುತ್ತಲೇ ಹೋಗುತ್ತಿತ್ತು. ಬಿಸಿ ಬೀದಿ ಹೆಚ್ಚಿದಷ್ಟೂ ಬಲ ಹೆಚ್ಚು, ಬಲ ಹೆಚ್ಚಿದಷ್ಟೂ ಬೀದಿ ಹೆಚ್ಚು. ಗಾಳಿ ಬಂದಾಗ ತೂರಿಕೋ ಎಂದು ಜನರೂ ಆ ಕಡೆಗೇ ಹಾರುತ್ತಿದ್ದರು. ಹೋದ ವರ್ಷ ಇದಕ್ಕೆ ಮದ್ದು ಮಾಡಲು ಹೋಗಿ, ಎಲ್ಲಕ್ಕಿಂತ ಸಣ್ಣ ಪಕ್ಷದವರಿಗೆ ಒಬ್ಬರು ನಾಲ್ವರ ಲೆಕ್ಕ ಎಂದುಬಿಟ್ಟೆ. ಸಣ್ಣ ಪಕ್ಷ ಹುಳಿಯದಾಗಿತ್ತು. ಮಾರನೆಯ ಸಂಜೆಗೆ ಅರ್ಧ ಊರು ಹುಳಿಗೆ ನುಗ್ಗಿತು! ನಲವತ್ತಕ್ಕೆ ಮೂವತ್ತೆಂಟು ಬೀದಿ ಹಸಿರು. ಅವತ್ತೇ ಛತ್ರದಲ್ಲಿ ಮದುವೆ. ಪಾಯಸ ಬಾಯಿಗಿಟ್ಟ ಗಂಡಿನ ಕಡೆಯವರು ಎಲೆ ಬಿಟ್ಟು ಎದ್ದರು, ಬೀಗರು ಬೀಗರು ಕೈ ಕೈ ಮಿಲಾಯಿಸುವುದೊಂದು ಬಾಕಿ. ನಾಗಭೂಷಣರು ಮೆಟ್ಟಿಲು ಹತ್ತಿ ಬಂದರು. ಮೈಯೆಲ್ಲ ಹಿಟ್ಟು, ಕಣ್ಣೆರಡೇ ಕೆಂಪು. "ನೋಡಮ್ಮ, ಅದನ್ನ ಮೊದಲಿದ್ದ ಹಾಗೆ ಮಾಡು. ಇನ್ಮೇಲೆ ಯುಗಾದಿಯಿಂದ ದೀಪಾವಳಿ ತನಕ ಒಂದಕ್ಷರ ಮುಟ್ಟಬಾರದು" ಎಂದರು. ನಾಲ್ವರ ಲೆಕ್ಕ ತೆಗೆದೆ. ಹುಳಿಗೆ ಹೋದವರೆಲ್ಲ ಒಂದೇ ವಾರದಲ್ಲಿ ಬೆಲ್ಲಕ್ಕೆ ಹಾರಿದರು.

ಬೆಲ್ಲದ ಪಕ್ಷದ ನಾಯಕಿ ಯಾರು ಅಂತೀರಿ? ನಮ್ಮ ಅತ್ತೆ, ಅಂಬುಜಾಕ್ಷಿ ಟೀಚರ್. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಡ್ರಿಲ್ ಮಾಡಿಸಿ ನಿವೃತ್ತರಾದವರು. ಕೊರಳಲ್ಲಿ ಮಾಂಗಲ್ಯದ ಜೊತೆಗೇ ಒಂದು ಸೀಟಿ. ಊರಿನ ಅರ್ಧ ಜನ ಅವರ ಹಳೆಯ ವಿದ್ಯಾರ್ಥಿಗಳು. ಸೀಟಿ ಊದಿದರೆ ಐವತ್ತು ವರ್ಷದ ಗಂಡಸರೂ ಸಾಲಾಗಿ ನಿಲ್ಲುತ್ತಾರೆ. ನಾವಿರುವ ಗಡಿಯಾರದ ಬೀದಿಯೇ ಬೆಲ್ಲದವರ ಒಲೆ, ಊರ ನಟ್ಟನಡುವೆ. ಆಟ ಶುರುವಾದಂದಿನಿಂದ ಒಂದು ದಿನಕ್ಕೂ ಅದು ಅವರ ಕೈ ಬಿಟ್ಟಿರಲಿಲ್ಲ. ನನ್ನ ಗಂಡ ಪ್ರದ್ಯುಮ್ನ ಮಾತ್ರ ಖಾರದವನು, ಹುಟ್ಟಿದಂದಿನಿಂದ ಬೆಲ್ಲ ತಿಂದು ಸಾಕಾಗಿದೆ ಎನ್ನುತ್ತಿದ್ದ. ಆರು ಗಂಟೆಗೆ ತಾಯಿ ಮಗ ಒಂದೇ ಬಾಗಿಲಿಂದ ಹೊರಬಿದ್ದು ಒಬ್ಬರು ಎಡಕ್ಕೆ, ಒಬ್ಬರು ಬಲಕ್ಕೆ. ಏಳಕ್ಕೆ ಬಂದು ಅಕ್ಕಪಕ್ಕ ಊಟಕ್ಕೆ ಕೂರುತ್ತಿದ್ದರು. ನಾನು ಯಾವ ಪಕ್ಷವೂ ಅಲ್ಲ. ಕಟ್ಟಳೆ ಬರೆಯುವವಳ ನಾಲಿಗೆಗೆ ಪಕ್ಷ ಇರಬಾರದು ಎಂದು ನಾನೇ ಹಾಕಿಕೊಂಡ ಶಪಥ. ತಟ್ಟೆಗೆ ಬಿದ್ದದ್ದನ್ನು ಸುಮ್ಮನೆ ತಿನ್ನುತ್ತಿದ್ದೆ. ಹಾಗಾಗಿಯೇ ಮೂರು ಪಕ್ಷದವರೂ ತಮ್ಮ ಗುಟ್ಟುಗಳನ್ನೆಲ್ಲ ನನ್ನ ಬಳಿ ಬಂದು ಹೇಳುತ್ತಿದ್ದರು. ನನಗೆ ಹೇಳಿದರೆ ಬಾವಿಗೆ ಹಾಕಿದ ಹಾಗೆ ಎಂಬ ಹೆಸರಿತ್ತು.

ಹೀಗಿರುವಾಗ ನಾನು ಬಸುರಿಯಾದೆ. ನಾಲ್ಕನೆಯ ತಿಂಗಳಿಗೆ ಬಯಕೆ ಹತ್ತಿತು. ಏನು ಬಯಕೆ? ಹುಳಿ! ಹುಣಸೆಹಣ್ಣು, ನೆಲ್ಲಿಕಾಯಿ, ಉಪ್ಪು ಸವರಿದ ಮಾವಿನಕಾಯಿ, ಮೂರು ದಿನದ ಮಜ್ಜಿಗೆ. ಹುಣಸೆಮರ ಕಂಡರೆ ಸಾಕು, ಬಾಯಿಯಲ್ಲಿ ನೀರು. ಮನೆಯಲ್ಲಿ ಕದ್ದು ಹುಣಸೆಹಣ್ಣು ಬಾಯಿಗಿಟ್ಟರೆ ಖರ್ಜೂರದ ಸಿಹಿ. ನಿಂಬೆಹಣ್ಣು ಹಿಂಡಿಕೊಂಡರೆ ಶರಬತ್ತು. ಅತ್ತೆಗೆ ಹೇಳೋಣವೆಂದರೆ ಹೇಗೆ ಹೇಳುವುದು? ಬೆಲ್ಲದ ನಾಯಕಿಯ ಮುಂದೆ ನಿಂತು ಹುಳಿ ಬೇಕು ಎಂದರೆ ಪಕ್ಷ ವಹಿಸಿದ ಹಾಗಾಗಲಿಲ್ಲವೇ? ಪಾಪ, ಅವರು ಬಸುರಿಗೆ ಒಳ್ಳೆಯದೆಂದು ದಿನಕ್ಕೊಂದು ಸಿಹಿ ಮಾಡಿ ಹಾಕುತ್ತಿದ್ದರು. ಆ ಬೀದಿಯಲ್ಲಿ ಸಿಹಿಗೆ ಮತ್ತೆ ಸಿಹಿ! ನಾನು ನಗುನಗುತ್ತಾ ನುಂಗಿ ಹಿತ್ತಲಿಗೆ ಹೋಗಿ ವಾಂತಿ ಮಾಡುತ್ತಿದ್ದೆ. ಮಾಡಿದ್ದುಣ್ಣೋ ಮಹಾರಾಯ ಎಂದರೆ ಇದೇ.

ಆ ಹೊತ್ತಿಗೆ ನಕ್ಷೆಯಲ್ಲಿ ಬೆಲ್ಲಕ್ಕೆ ಮೂವತ್ತೊಂದು ಬೀದಿ, ಖಾರಕ್ಕೆ ಎಂಟು. ಹುಳಿಗೆ ಉಳಿದಿದ್ದದ್ದು ಒಂದೇ ಒಂದು, ಸೂಜಿ ಸಂದು. ಹೆಸರಿಗೆ ತಕ್ಕ ಹಾಗೆ ಒಬ್ಬರು ಬಂದರೆ ಎದುರಿನವರು ಹಿಂದಕ್ಕೆ ನಡೆಯಬೇಕು. ಉದ್ದಕ್ಕೂ ಸಾಲಾಗಿ ಎಂಟು ಜನ ನಿಂತರೆ ಸಂದು ಭರ್ತಿ. ಆ ಎಂಟು ಜನ ಹುಳಿಯವರೇ. ಬೆಲ್ಲದವರು ಇನ್ನೂರು ಜನ ಬಂದರೂ ಸಂದಿನ ಬಾಯಲ್ಲಿ ನಿಂತು ಇಣುಕುವುದೊಂದೇ, ಒಳಗೆ ಕಾಲಿಡಲು ಜಾಗವಿಲ್ಲ. ಅವರ ನಾಯಕ ಮೈಲಾರಪ್ಪ, ಬಸ್ ಕಂಡಕ್ಟರಾಗಿ ನಿವೃತ್ತನಾದವನು. ಆರು ಗಂಟೆಗೆ ಎದೆ ಉಬ್ಬಿಸಿ ನಿಂತು "ಮುಂದೆ ಹೋಗಿ, ಮುಂದೆ ಹೋಗಿ, ಸೀಟಿಲ್ಲ!" ಎಂದು ಕೂಗಿದರೆ ಸಂದಿನ ಎರಡೂ ಬದಿಯ ಮನೆಗಳವರು ಬಿದ್ದು ಬಿದ್ದು ನಗುತ್ತಿದ್ದರು.

ಮಧ್ಯಾಹ್ನ ಊಟದ ಹೊತ್ತಿಗೆ ನಾನು ಡಬ್ಬಿ ಹಿಡಿದು ಗಿರಣಿಯಿಂದ ಸೂಜಿ ಸಂದಿಗೆ ಬರತೊಡಗಿದೆ. ಅತ್ತೆ ಕಟ್ಟಿಕೊಟ್ಟ ಅದೇ ಮೊಸರನ್ನ. ಸಂದಿನೊಳಗೆ ಮೂರು ಹೆಜ್ಜೆ ಇಟ್ಟು ಮೆಟ್ಟಿಲ ಮೇಲೆ ಕೂತು ಮುಚ್ಚಳ ತೆಗೆದರೆ, ಅಬ್ಬಬ್ಬಾ! ಮೊದಲ ತುತ್ತಿಗೆ ಒಂದು ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು, ಹಲ್ಲೆಲ್ಲ ಜುಮ್ಮೆನ್ನುತ್ತಿತ್ತು. ಹೊಟ್ಟೆಯೊಳಗಿನದೂ ಒಮ್ಮೆ ಹೊರಳುತ್ತಿತ್ತು. ನಾನು ಬೆರಳು ಚೀಪುವುದನ್ನು ನೋಡಿ ಮೈಲಾರಪ್ಪ "ತಿನ್ನವ್ವಾ, ತಿನ್ನು. ನೀನು ಯಾರ ಪಕ್ಷಾನೂ ಅಲ್ಲ, ನಿನ್ನ ಹೊಟ್ಟೇಲಿರೋದು ಮಾತ್ರ ನಮ್ಮ ಪಕ್ಷ" ಎನ್ನುತ್ತಿದ್ದ. ನಾನು ಏನೂ ಕೇಳಿಸದವಳಂತೆ ಡಬ್ಬಿಯ ತಳ ಕೆರೆಯುತ್ತಿದ್ದೆ.

ಎರಡು ತಿಂಗಳು ಹೀಗೆ ನಡೆಯಿತು. ಆರನೆಯ ತಿಂಗಳಲ್ಲಿ ಒಂದು ಬೆಳಗ್ಗೆ ಅತ್ತೆ ನನಗೆ ದೋಸೆ ಹಾಕುತ್ತಾ, ಪ್ರದ್ಯುಮ್ನ ಸ್ನಾನಕ್ಕೆ ಹೋದದ್ದನ್ನು ಖಾತ್ರಿ ಮಾಡಿಕೊಂಡು ಬಗ್ಗಿ ಪಿಸುಗುಟ್ಟಿದರು. "ಧಾರಿಣಿ, ನಿನ್ನ ಫೋನಿನ ನಕ್ಷೆಗೆ ಉದ್ದ ಗೊತ್ತು, ಅಗಲ ಗೊತ್ತು. ಎತ್ತರ ಗೊತ್ತಾ?"

ನನ್ನ ಕೈಯ ದೋಸೆ ಅಲ್ಲೇ ನಿಂತಿತು. ಗೊತ್ತಿಲ್ಲ! ಎತ್ತರ ಎಂಬುದೊಂದಿದೆ ಎಂಬುದೇ ನನಗೆ ಹೊಳೆದಿರಲಿಲ್ಲ. ಮೂರು ವರ್ಷದಿಂದ ಮೇಲಿಂದ ಕೆಳಗೆ ನಕ್ಷೆ ನೋಡಿದವಳು ನಾನು.

"ಸೂಜಿ ಸಂದಿನ ಮನೆಗಳ ತಾರಸಿ ಎರಡೂ ಕಡೆಯಿಂದ ಸಂದಿನ ಮೇಲಕ್ಕೆ ಚಾಚಿಕೊಂಡಿದೆ ಕಣೇ. ಅರವತ್ತು ಜನ ಮೇಲೆ ಹತ್ತಿ ಅಂಚಿಗೆ ಫೋನು ಹಿಡ್ಕೊಂಡು ನಿಂತ್ರೆ ಆಯ್ತು. ಇವತ್ತೇ ಸಂಜೆ. ಮೈಲಾರಪ್ಪ ತಲೆ ಎತ್ತಿ ನೋಡೋದ್ರೊಳಗೆ ಹುಳಿ ಕಥೆ ಮುಗೀತು" ಎಂದು ಅತ್ತೆ ಕಾವಲಿಯ ಮೇಲೆ ಸಟ್ಟುಗವನ್ನು ಟಣ್ ಎಂದು ಕುಟ್ಟಿದರು. ಮುಖದಲ್ಲಿ ಎಂಥ ಕಳೆ! ಸ್ಕೂಲಿನ ಮಕ್ಕಳು ಜಿಲ್ಲೆಗೆ ಕಬಡ್ಡಿ ಕಪ್ಪು ತಂದಾಗಲೂ ಹಾಗೇ ಕುಣಿದಿದ್ದರಂತೆ.

ನಾನು ಗಿರಣಿಗೆ ಹೋಗಿ ಕೂತೆ. ತೂತು ಮುಚ್ಚೋಣವೆಂದರೆ ದೀಪಾವಳಿಗೆ ಇನ್ನೂ ಎರಡು ತಿಂಗಳು. ಮೈಲಾರಪ್ಪನಿಗೆ ಹೇಳೋಣವೆಂದರೆ ಬಾವಿ ಬಾಯಿಬಿಟ್ಟ ಹಾಗೆ, ಆಮೇಲೆ ಈ ಊರಲ್ಲಿ ನನ್ನ ಕಟ್ಟಳೆಯನ್ನು ಯಾರು ನಂಬುತ್ತಾರೆ? ಹೇಳದಿದ್ದರೆ ಇವತ್ತು ಸಂಜೆ ಏಳರ ಮೇಲೆ ಈ ಊರಿಗೆ ಹುಳಿ ಇಲ್ಲ, ಎಂದೆಂದಿಗೂ ಇಲ್ಲ. ನನ್ನ ಮಗು ಹುಣಸೆಕಾಯಿ ಕಚ್ಚಿ ಮುಖ ಹಿಂಡುವುದನ್ನು ನಾನು ನೋಡುವುದಿಲ್ಲ. ಕಹಿ ಹೋದಾಗ ಹೋಗಲಿ ಬಿಡು ಎಂದವಳು ನಾನೇ. ಈಗ ಸರದಿ ನನ್ನ ನಾಲಿಗೆಗೇ ಬಂದಿತ್ತು.

ಮಧ್ಯಾಹ್ನ ಡಬ್ಬಿ ಹಿಡಿದು ಸೂಜಿ ಸಂದಿಗೆ ಹೋದೆ. ಕೊನೆಯ ಊಟ ಎಂದುಕೊಂಡು ಒಂದೊಂದೇ ಅಗುಳು ಚಪ್ಪರಿಸಿ ತಿಂದೆ. ಕಣ್ಣೀರು ಇಳಿಯುತ್ತಿತ್ತು, ಬಾಯಿ ಮಾತ್ರ ಬೆರಳು ಚೀಪುತ್ತಿತ್ತು. ಎರಡೂ ಒಟ್ಟಿಗೆ ನಡೆಯುವುದನ್ನು ನೋಡಿ ಮೈಲಾರಪ್ಪನಿಗೆ ಗಾಬರಿಯಾಯಿತು. "ಯಾಕವ್ವಾ, ಮೆಣಸಿನಕಾಯಿ ಸಿಕ್ತೇನು? ನಮ್ಮ ಸಂದೀಲಿ ಅದೂ ಹುಳೀನೇ ಇರ್ಬೇಕಲ್ಲ!" ಎಂದ. ಆಗ ನನ್ನ ತಲೆಯ ಮೇಲೆ ಏನೋ ತಾಗಿತು. ನೋಡಿದರೆ ದರ್ಜಿಯ ಅಳತೆ ಟೇಪು, ಮೇಲಿನಿಂದ ಇಳಿಬಿದ್ದಿತ್ತು. ತಲೆ ಎತ್ತಿದೆ. ತಾರಸಿಯ ಅಂಚಿನಲ್ಲಿ ಅತ್ತೆಯ ಮುಖ, ಮುಖದ ಕೆಳಗೆ ತೂಗಾಡುವ ಸೀಟಿ.

"ಏನೇ ಅದು ತಿಂತಿರೋದು?" ಎಂದು ಅತ್ತೆ ಮೇಲಿಂದ ಕೇಳಿದರು.

"ಮೊಸರನ್ನ, ಅತ್ತೆ."

"ಮನೇದೇನಾ?"

"ಮನೇದೇ."

"ಮತ್ತೆ ಗಿರಣೀಲಿ ಕೂತು ತಿನ್ನೋದು ಬಿಟ್ಟು ಈ ಇಕ್ಕಟ್ಟಿಗ್ಯಾಕೆ ಬಂದೆ, ಆ ಹೊಟ್ಟೆ ಹೊತ್ಕೊಂಡು?"

ಸುಳ್ಳು ಹೇಳಬಹುದಿತ್ತು. ಬಾಯಿಗೆ ಬರಲಿಲ್ಲ. "ಹುಳಿ ಬೇಕು ಅನ್ನಿಸ್ತಿತ್ತು ಅತ್ತೆ. ಎರಡು ತಿಂಗಳಿಂದ. ಬೇರೆ ಏನೂ ಸೇರ್ತಾ ಇಲ್ಲ, ನೀವು ಮಾಡೋ ಸಿಹಿಯೆಲ್ಲ ಹಿತ್ತಲಿಗೆ ಹೋಗ್ತಿದೆ" ಎಂದೆ. ಹೇಳಿ ಮುಗಿಸುವಷ್ಟರಲ್ಲಿ ಜೋರಾಗಿ ಅಳು ಬಂದುಬಿಟ್ಟಿತು. ಟೇಪು ಸರಸರ ಮೇಲಕ್ಕೆ ಹೋಯಿತು, ಮುಖವೂ ಹೋಯಿತು. ನಾನು ಡಬ್ಬಿ ಮುಚ್ಚಿಕೊಂಡು ಗಿರಣಿಗೆ ಹೊರಟೆ.

ಆರು ಹೊಡೆಯಿತು. ಪರದೆಯ ಮುಂದೆ ಕೂತು ಪೆಪ್ಪರಮೆಂಟು ಬಾಯಿಗೆ ಹಾಕಿಕೊಂಡೆ. ಗಿರಣಿಯ ಬೀದಿಯೂ ಬೆಲ್ಲದವರದೇ, ಬರೀ ಸಿಹಿ. ಗಡಿಯಾರದ ಬೀದಿಯಿಂದ ಕಂದು ಚುಕ್ಕಿಗಳು ಹೊರಟವು. ಹತ್ತು, ಇಪ್ಪತ್ತು, ಅರವತ್ತು. ಎಲ್ಲ ಸೂಜಿ ಸಂದಿನ ಕಡೆಗೇ. ಅತ್ತೆ ಮನಸ್ಸು ಬದಲಿಸಿಲ್ಲ ಎಂದುಕೊಂಡೆ. ಆದರೆ ಒಂದು ವಿಚಿತ್ರ. ಒಲೆ ಕಾಯಲು ದಿನಾ ನಲವತ್ತು ಜನರನ್ನು ಬಿಡುತ್ತಿದ್ದವರು ಇವತ್ತು ಒಬ್ಬರನ್ನೂ ಬಿಡಲಿಲ್ಲ. ಗಡಿಯಾರದ ಬೀದಿಯಲ್ಲಿ ಉಳಿದದ್ದು ಒಂದೇ ಚುಕ್ಕಿ, ನಮ್ಮ ಮನೆಯ ಜಗುಲಿಯ ಮೇಲೆ. ಅದು ಅತ್ತೆಯದು. ನೋಡುತ್ತಿದ್ದ ಹಾಗೇ ಅದೂ ಆರಿಹೋಯಿತು. ಫೋನನ್ನೇ ಮುಚ್ಚಿದ್ದರು!

ಅಷ್ಟರಲ್ಲಿ ಸೂಜಿ ಸಂದಿನ ಎಂಟು ಹಸಿರು ಚುಕ್ಕಿಗಳು ಸಾಲು ಕಿತ್ತು ಹೊರಗೆ ಓಡಿದವು. "ಅಯ್ಯೋ ನಿನ್ನ, ಎಲ್ಲಿಗೆ ಹೋಗ್ತಿದೀಯೋ ಮೈಲಾರಪ್ಪಾ!" ಎಂದು ಪರದೆಗೆ ಕೂಗಿದೆ. ಕೆಳಗೆ ಗಿರಣಿಯ ಸದ್ದು ನಿಂತಿತು. ಎಂಟೂ ಚುಕ್ಕಿಗಳು ಮಾರುಕಟ್ಟೆ ದಾಟಿ, ಅಂಚೆ ಕಚೇರಿ ದಾಟಿ, ಆರು ಹತ್ತಕ್ಕೆ ಗಡಿಯಾರದ ಬೀದಿಗೆ ಬಂದು ನಿಂತವು. ಬೆಲ್ಲದವರು ತಾರಸಿ ಹತ್ತಬೇಕಾದ ಮೆಟ್ಟಿಲು ಒಂದೇ, ಅದೂ ಕಡಿದಾದದ್ದು. ಟೀಚರಮ್ಮನ ಅಪ್ಪಣೆಯಂತೆ ಒಬ್ಬರ ಹಿಂದೊಬ್ಬರು, ಕೈಯಳತೆ ದೂರ ಬಿಟ್ಟು ಹತ್ತುತ್ತಿದ್ದರು. ಮೇಲೆ ಸೇರಿ ಲೆಕ್ಕ ಶುರುವಾದಾಗ ಆರು ಹನ್ನೆರಡು. ನಾನು ಬೆರಳೆಣಿಸಿದೆ. ಗಡಿಯಾರದ ಬೀದಿ ಆರೂ ಇಪ್ಪತ್ತಕ್ಕೆ ಹುಳಿಯಾಗಬೇಕು, ಸೂಜಿ ಸಂದು ಇಪ್ಪತ್ತೆರಡಕ್ಕೆ ಬೆಲ್ಲವಾಗುತ್ತದೆ. ನಡುವೆ ಎರಡೇ ನಿಮಿಷ. ಆ ಎಂಟರಲ್ಲಿ ಒಬ್ಬನಾದರೂ ಏನೋ ಮರೆತೆ ಎಂದು ಬೀದಿ ದಾಟಿದರೆ, ಯಾರೋ ಬೆಲ್ಲದವರು ನೀರು ಕುಡಿಯಲು ಮನೆಗೆ ಮರಳಿದರೆ, ಮುಗಿಯಿತು. ನಾಗಭೂಷಣರು ಬಂದು ನನ್ನ ಹಿಂದೆ ನಿಂತಿದ್ದರು. ಅವರೂ ಉಸಿರು ಬಿಡುತ್ತಿರಲಿಲ್ಲ.

ಆರೂ ಇಪ್ಪತ್ತು. ಗಡಿಯಾರದ ಬೀದಿ ಹಸಿರಾಯಿತು! ನಾನು ಕುರ್ಚಿಯಿಂದ ಎದ್ದು ನಾಗಭೂಷಣರ ಎರಡೂ ಕೈ ಹಿಡಿದು ಕುಲುಕಿದೆ, ಹಿಟ್ಟು ಹಾರಿ ಇಬ್ಬರೂ ಸೀನಿದೆವು. ಆಮೇಲೆ ಆದದ್ದನ್ನು ಹೇಳಲು ನನಗೆ ಒಂದು ಬಾಯಿ ಸಾಲದು. ಒಲೆ ಹೋದದ್ದೇ ತಡ, ಬೆಲ್ಲದ ಉಳಿದ ಮೂವತ್ತು ಬೀದಿಗಳೂ ತಣ್ಣಗಾದವು. ಇಬ್ಬರ ಲೆಕ್ಕದವರೆಲ್ಲ ಒಬ್ಬರಾದರು. ಬೆಲ್ಲದ ಗಟ್ಟಿ ಆಳುಗಳೆಲ್ಲ ಸೂಜಿ ಸಂದಿನ ತಾರಸಿಯ ಮೇಲೆ. ಇಳಿಯೋಣವೆಂದರೆ ಆ ಒಂದೇ ಮೆಟ್ಟಿಲು, ಮೇಲಿನವರು ಇಳಿಯಲು, ಇನ್ನೂ ಹತ್ತುತ್ತಿದ್ದವರು ಹತ್ತಲು, ನಡುವೆ ಸಿಕ್ಕಿಬಿದ್ದವರು ಸೀಟಿಗಾಗಿ ಕಾಯಲು. ಸೀಟಿ ಊದುವವರೇ ಇಲ್ಲ! ಖಾರದವರಿಗೆ ಸುದ್ದಿ ಮುಟ್ಟಿತು. ಮೂರು ವರ್ಷದಿಂದ ಮೂಲೆಯಲ್ಲಿ ಕೊಳೆಯುತ್ತಿದ್ದ ಕೆಂಪು ಚುಕ್ಕಿಗಳು ಇಟ್ಟಲ್ಲಿ ನಿಲ್ಲಲಿಲ್ಲ. ಆಟ ಬಿಟ್ಟು ಮನೆಯಲ್ಲಿ ಕೂತಿದ್ದ ಹಳೆಯ ಹುಳಿಯವರೂ ಬನಿಯನ್ನಿನಲ್ಲೇ ಬೀದಿಗಿಳಿದರು. ನಕ್ಷೆ ಎಣ್ಣೆಯಲ್ಲಿ ಬಿಟ್ಟ ಬೂಂದಿಯ ಹಾಗೆ ಕುದಿಯತೊಡಗಿತು. ಬೆಳೆದ ಪಕ್ಷವನ್ನು ಇಳಿಸುವುದು ಹೇಗೆಂದು ನಾನು ಒಂದು ವರ್ಷ ತಲೆ ಕೆರೆದುಕೊಂಡಿದ್ದೆ. ನನ್ನ ಕಟ್ಟಳೆಯ ಒಂದಕ್ಷರವನ್ನೂ ಮುಟ್ಟದೆ ಅತ್ತೆ ಜಗುಲಿಯ ಮೇಲೆ ಕೂತು ಇಳಿಸಿದ್ದರು.

ನಾನು ಮನೆಗೆ ಓಡಿದೆ. ಓಡಿದೆ ಎಂದರೆ ಆರು ತಿಂಗಳ ಬಸುರಿ ಎಷ್ಟು ಓಡಬಹುದೋ ಅಷ್ಟು. ಬಾಯಲ್ಲಿ ಪೆಪ್ಪರಮೆಂಟು ಇತ್ತಲ್ಲ. ಗಿರಣಿ ಬೀದಿಯಲ್ಲಿ ಸಿಹಿ. ತಿರುವಿನಲ್ಲಿ ಖಾರ, ಕಿವಿಯಿಂದ ಹೊಗೆ ಬಂತು. ಮಾರುಕಟ್ಟೆಯಲ್ಲಿ ಮತ್ತೆ ಸಿಹಿ, ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಅಲ್ಲೇ ಖಾರ. ಬೋಂಡಾ ತಿನ್ನುತ್ತಿದ್ದವರು ಕಚ್ಚಿದ ಬೋಂಡಾ ಕೈಯಲ್ಲಿ ಹಿಡಿದು ಒಬ್ಬರ ಮುಖ ಒಬ್ಬರು ನೋಡಿ ನಗುತ್ತಿದ್ದರು. ಅಂಚೆ ಕಚೇರಿಯ ಬೀದಿಯಲ್ಲಿ ಐಸ್‌ಕ್ರೀಮ್ ಮಾರುವವನ ಸುತ್ತ ಮಕ್ಕಳು "ಈಗ ಏನು? ಈಗ ಏನು?" ಎಂದು ಒಂದೇ ಕಡ್ಡಿಯನ್ನು ಸರದಿಯ ಮೇಲೆ ನೆಕ್ಕುತ್ತಿದ್ದವು. ಗಡಿಯಾರದ ಬೀದಿಗೆ ಕಾಲಿಟ್ಟೆ. ಪೆಪ್ಪರಮೆಂಟು ಹುಳಿಯಾಯಿತು. ನಮ್ಮ ಬೀದಿಯಲ್ಲಿ, ನಮ್ಮ ಮನೆಯ ಮುಂದೆ, ಹುಳಿ!

ಗಡಿಯಾರದ ಕೆಳಗೆ ಮೈಲಾರಪ್ಪ ತನ್ನ ಏಳು ಜನರೊಂದಿಗೆ ಕಂಬದ ಹಾಗೆ ನಿಂತಿದ್ದ. ಜಾಗ ಬಿಟ್ಟು ಅಲುಗಾಡಲು ಹೆದರಿಕೆ. "ನೀನು ಹೋದ ಮೇಲೆ ಟೀಚರಮ್ಮ ಮತ್ತೆ ಬಗ್ಗಿ ನೋಡಿದ್ರವ್ವ. 'ಮೈಲಾರಪ್ಪ, ಸಂಜೆ ಗಡಿಯಾರದ ಬೀದಿ ಖಾಲಿ ಇರುತ್ತೆ. ಆರು ಹತ್ತರೊಳಗೆ ಬಂದು ನಿಂತ್ಕೊ. ಯಾಕೆ ಅಂತ ಕೇಳಿದ್ರೆ ಒದೀತೀನಿ' ಅಂದ್ರು. ಮೋಸ ಇರ್ಬೇಕು ಅಂದ್ಕೊಂಡೆ. ಆದ್ರೆ ಮೂವತ್ತು ವರ್ಷ ಟಿಕೆಟ್ ಹರಿದೋನು, ಯಾರು ಸುಳ್ಳು ಹೇಳ್ತಾರೆ ಅಂತ ಮುಖ ನೋಡಿದ್ರೆ ಗೊತ್ತಾಗುತ್ತೆ" ಎಂದ. ಏಳರ ಗಂಟೆ ಹೊಡೆಯಿತು. ಬೆಲ್ಲ ಹನ್ನೊಂದು, ಖಾರ ಹದಿನೇಳು, ಹುಳಿ ಹನ್ನೆರಡು. ಎಂಟೂ ಜನ ಅಲ್ಲೇ ಬೀದಿಯಲ್ಲಿ ಕುಸಿದು ಕೂತು ನಗತೊಡಗಿದರು.

ಅತ್ತೆ ಅಡುಗೆಮನೆಯಲ್ಲಿದ್ದರು. ನನ್ನನ್ನು ನೋಡಿ ತಟ್ಟೆ ಇಟ್ಟು ಅನ್ನ ಬಡಿಸಿ ಸಾರು ಹಾಕಿದರು. ತಿಂದೆ. ಎರಡು ತಿಂಗಳ ಮೇಲೆ ನನ್ನ ಮನೆಯಲ್ಲಿ, ನೆಟ್ಟಗೆ ಕಾಲು ಮಡಚಿ ಕೂತು, ಹೊಟ್ಟೆ ತುಂಬ ತಿಂದೆ. ಅಷ್ಟರಲ್ಲಿ ಪ್ರದ್ಯುಮ್ನ ಕುಣಿಯುತ್ತಾ ಬಂದ. "ಅಮ್ಮಾ! ಹದಿನೇಳು ಬೀದಿ ನಮ್ದು! ನಿನ್ನ ಒಲೇನೇ ಹೋಯ್ತಂತಲ್ಲ! ಎಂಟು ಜನ ಮುದುಕರು ಬಂದು ಹೊಡ್ಕೊಂಡು ಹೋದ್ರಂತೆ! ಊರೆಲ್ಲ ನಗ್ತಿದೆ!"

"ನಗ್ಲಿ ಬಿಡು" ಎಂದರು ಅತ್ತೆ.

"ನಾಳೆ ಸಂಜೆ ವಾಪಸ್ ತಗೋತೀಯ ತಾನೇ?"

"ಹೆರಿಗೆ ಆಗೋ ತನಕ ಈ ಬೀದಿ ಕಡೆ ಬೆಲ್ಲದೋರು, ಖಾರದೋರು ಯಾರೇ ಬಂದ್ರೂ ಕಾಲು ಮುರೀತೀನಿ. ನಿನ್ನದೂ ಸೇರಿಸಿ."

ಪ್ರದ್ಯುಮ್ನ ಅವರನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ. ನನ್ನ ತಟ್ಟೆ ನೋಡಿದ. ಸಾರಿಗೆ ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡು ಮುಖ ಹಿಂಡಿದ. ಆಮೇಲೆ ದನಿ ತಗ್ಗಿಸಿ ಹೇಳಿದ, "ಹಾಗಾದ್ರೆ ಒಲೇನ ಬೇರೆ ಬೀದಿಗೆ ಸಾಗಿಸಮ್ಮ. ನಾಯಕರು ಮನೆ ಬದಲಾಯಿಸಿದ್ರೆ ಒಲೆನೂ ಹೋಗುತ್ತೆ ಅಂತ ಇವಳ ಕಟ್ಟಳೇಲೇ ಇದೆ. ಹನ್ನೊಂದು ಬೀದಿ ಇನ್ನೂ ನಿನ್ನದೇ, ಎಲ್ಲಾ ಮತ್ತೆ ಬಿಸಿ ಆಗುತ್ತೆ. ಚಿಕ್ಕಮ್ಮನ ಮನೆ ಖಾಲಿ ಇದೆ, ಮೂರು ತಿಂಗಳು ಅಲ್ಲಿದ್ರೆ ಆಯ್ತಪ್ಪ. ನಿಂಗೆ ಹುಳಿ ಅಂದ್ರೆ ಆಗೋದೇ ಇಲ್ವಲ್ಲ."

"ಅಲ್ಲಿಗೆ ಹೋಗಿ ಕೂತ್ರೆ ಇಲ್ಲಿ ಇವಳಿಗೆ ಬಡಿಸೋರ್ಯಾರೋ?" ಎಂದರು ಅತ್ತೆ.

ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ಅತ್ತೆ "ತಿನ್ನೇ ಮೊದ್ಲು" ಎಂದು ಗದರಿ ತಮಗೂ ತಟ್ಟೆ ಹಾಕಿಕೊಂಡು ನನ್ನ ಪಕ್ಕ ಕೂತರು. ಮೊದಲ ತುತ್ತು ಬಾಯಿಗಿಟ್ಟರು. ಎರಡೂ ಕಣ್ಣು ಮುಚ್ಚಿಹೋದವು, ಭುಜ ಮೇಲಕ್ಕೆ ಏರಿತು, ಕೊರಳ ಸೀಟಿ ಗಡಗಡ ನಡುಗಿತು. "ಅಯ್ಯೋ ಕರ್ಮವೇ, ಇದನ್ನ ಹೆಂಗೆ ತಿಂತೀರೇ" ಎನ್ನುತ್ತಾ ಎದ್ದು, ಬಾಯಿ ಸರಿಮಾಡಿಕೊಳ್ಳಲು ಡಬ್ಬದಿಂದ ಒಂದು ಅಚ್ಚು ಬೆಲ್ಲ ಮುರಿದು ಬಾಯಿಗೆ ಹಾಕಿಕೊಂಡರು. ಅದೂ ಹುಳಿ. ಅವರು ನನ್ನ ಕಡೆ ನೋಡಿದರು, ಉಗುಳಲಿಲ್ಲ, ಪೂರ್ತಿ ಅಗಿದು ನುಂಗಿದರು.